ಕಾಯಿ ಹಣ್ಣಾಗುವವರೆಗೆ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ—ಈ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುವ ಸಂಸಾರಗಳಿಗೆ ಶ್ರಾವಣ, ಭಾದ್ರಪದಗಳ ರಾತ್ರಿಗಳಲ್ಲಿ ನಿದ್ರೆಯೆಂಬುದು ದುರ್ಲಭ. ಹಸಿ ಎಲೆಯನ್ನು ಕೋಲುಗಳಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನಗಳ ಕಾಲ ಒಲೆಯ ಬೆಂಕಿ ಆರಕೂಡದು. ಕಾವು ಹದ ಮೀರಲೂಕೂಡದು. ಸೌದೆ ಒಟ್ಟುವುದು, ಉಷ್ಣಮಾಪಕವನ್ನು ನೋಡುವುದು, ಮತ್ತೆ ಬಂದು ಕುಳಿತುಕೊಳ್ಳುವುದು—ಹೀಗೆಯೇ ಬೆಳಗಾಗಬೇಕು. ಇಂಥ ಹೊತ್ತಿನಲ್ಲಿ ಮನುಷ್ಯರಿಗೆ ಉಳಿಯುವ ಉದ್ಯೋಗಗಳು ಎರಡೇ: ಒಂದು ವಾದ, ಇನ್ನೊಂದು ಆಟ.

ಹುಣಸೂರಿನ ಬಳಿಯ ಒಂದು ಹಳ್ಳಿಯಲ್ಲಿ, ಅಂಥದೊಂದು ಬ್ಯಾರನ್ನಿನ ಮುಂದೆ, ಗೌರಿಹಬ್ಬಕ್ಕೆಂದು ಊರಿಗೆ ಬಂದ ತರುಣರಿಬ್ಬರು ಕುಳಿತಿರುವರೆಂದು ವಾಚಕರು ಭಾವಿಸಿಕೊಳ್ಳಲಿ. ಹಿರಿಯವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗಿ; ಕಿರಿಯವನು ಅವನ ಚಿಕ್ಕಪ್ಪನ ಮಗ, ಮೈಸೂರಿನಲ್ಲಿ ವಿದ್ಯಾರ್ಥಿ. ವಾದದ ವಿಷಯ ಮಳೆಯಲ್ಲ, ಹರಾಜು ಕಟ್ಟೆಯ ಬೆಲೆಯೂ ಅಲ್ಲ. ‘ಸುಯಿಕೊಡೆನ್’ ಎಂಬ ಜಪಾನಿ ವಿಡಿಯೋ ಆಟದ ಮಾಲೆಗೆ ಮುಂದೇನು ಗತಿ ಎಂಬುದು!

ಈ ಮಾಲೆಯ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕು. ಕೊನಾಮಿ ಎಂಬ ಕಂಪೆನಿ 1995ರಲ್ಲಿ ಇದರ ಮೊದಲ ಭಾಗವನ್ನು ಹೊರತಂದಿತು. ಹಳೆಯ ಚೀನೀ ಕಾದಂಬರಿಯೊಂದರಲ್ಲಿ 108 ಮಂದಿ ವೀರರು ಕೂಡಿಕೊಂಡು ಅನ್ಯಾಯವನ್ನು ಎದುರಿಸುವ ಕಥೆಯುಂಟಷ್ಟೆ. ಅದರ ಸ್ಫೂರ್ತಿಯಿಂದ, ಆಟಗಾರನೂ ಊರೂರು ಅಲೆದು 108 ಮಂದಿಯನ್ನು ಕಲೆಹಾಕಬೇಕೆಂದು ಇಲ್ಲಿ ಏರ್ಪಾಡು. ಜಗತ್ತಿನ ಮಹಾಜನಪ್ರಿಯ ಆಟಗಳ ಪಂಕ್ತಿಯಲ್ಲಿ ಇದಕ್ಕೆ ಎಂದೂ ಸ್ಥಾನ ದೊರೆಯಲಿಲ್ಲ. ದೊರೆತುದು ಕೈಬಿಡಲೊಲ್ಲದ ಕೆಲವು ಅಭಿಮಾನಿಗಳು. ಐದನೆಯ ಭಾಗ ಬಂದುದು 2006ರಲ್ಲಿ. ಆರನೆಯದು ಇಂದಿಗೂ ಬಂದಿಲ್ಲ. ಮಾಲೆಯ ಮೂಲಕರ್ತನಾದ ಯೋಶಿತಾಕಾ ಮುರಯಾಮ ಬಹು ಹಿಂದೆಯೇ ಆ ಕಂಪೆನಿಯನ್ನು ಬಿಟ್ಟಿದ್ದನು. 2020ರಲ್ಲಿ ಆತನೂ ಹಳೆಯ ಸಂಗಡಿಗರೂ ಅದೇ ಧಾಟಿಯ ಬೇರೊಂದು ಆಟವನ್ನು ರಚಿಸುತ್ತೇವೆಂದಾಗ, ಸಾವಿರಾರು ಜನ ಮುಂಗಡವಾಗಿಯೇ ಹಣ ಕೂಡಿಸಿಕೊಟ್ಟರು. ಆ ಆಟ 2024ರ ಏಪ್ರಿಲ್‌ನಲ್ಲಿ ಹೊರಬಂದಿತು. ಮುರಯಾಮ ಅದೇ ವರ್ಷದ ಫೆಬ್ರವರಿಯಲ್ಲಿ ತೀರಿಕೊಂಡಿದ್ದನು. 2025ರ ಮಾರ್ಚಿಯಲ್ಲಿ ಕೊನಾಮಿಯವರು ಹಳೆಯ ಎರಡು ಭಾಗಗಳನ್ನೇ ಚಿತ್ರ ತಿದ್ದಿ ಮತ್ತೆ ಮಾರಾಟಕ್ಕಿಟ್ಟರು.

ಬ್ಯಾರನ್ನಿನ ಮುಂದಣ ವಾದ ಇಲ್ಲಿಂದಲೇ ಕವಲೊಡೆಯುತ್ತದೆ. ಹಳೆಯ ಮನೆಗೆ ಸುಣ್ಣ ಬಳಿದ ಮಾತ್ರಕ್ಕೆ ಹೊಸ ಕೋಣೆ ಎದ್ದಂತಾಗದೆಂದು ಹಿರಿಯವನ ಮತ. ಸುಣ್ಣ ಬಳಿದ ಮನೆಯನ್ನು ನಾಲ್ಕು ಜನ ಕೊಂಡರಲ್ಲವೆ ಯಜಮಾನನಿಗೆ ಹೊಸ ಕೋಣೆಯ ಯೋಚನೆ ಬರುವುದೆಂದು ಕಿರಿಯವನ ಮತ. ಕೊಳ್ಳದಿದ್ದರೆ ಮಾಲೆ ಸಾಯುತ್ತದೆ; ಕೊಂಡರೆ ಹಳೆಯದನ್ನೇ ಮತ್ತೆ ಮತ್ತೆ ಮಾರುತ್ತಾರೆ. ಯಜಮಾನ ಬಾಯಿ ಬಿಡುವವರೆಗೆ ಅಭಿಮಾನಿಗೆ ಊಹೆಯೇ ಗತಿ.

ಮೊಮ್ಮಕ್ಕಳಿಗೆ ಕಾಫಿ ತಂದ ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡಳು. ಆಕೆಗೆ ಅರ್ಥವಾಗದೆ ಹೋದುದು ಒಂದೇ ಸಂಗತಿ.

“ಆಡೋದಕ್ಕೆ ಇನ್ನೊಬ್ಬರ ಅಪ್ಪಣೆ ಯಾಕಪ್ಪ ಬೇಕು?”

ಎನ್ನುತ್ತ ಆಕೆ ಒಲೆಯ ಬಾಯಿಂದ ಒಂದು ಇದ್ದಿಲು ಚೂರನ್ನು ತೆಗೆದು, ಚಪ್ಪಡಿಯ ಮೇಲೆ ಐದು ಸಾಲು, ಐದು ಕಂಬ ಗೀಚಿದಳು. ನಾಲ್ಕು ಪಕ್ಕದ ನಡುಮನೆಗಳಿಗೂ, ಒಳಗಿನ ನಟ್ಟನಡುವಿನ ಮನೆಗೂ ಅಡ್ಡಗೀರು ಬಿತ್ತು. ಸೆರಗಿನ ಗಂಟಿನಿಂದ ನಾಲ್ಕು ಹುಣಸೆಬೀಜ ಹೊರಬಂದುವು. ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಬೀಜಗಳು. ಹುಣಸೆಯ ಹೆಸರು ಹೊತ್ತ ಊರಿನ ನೆರೆಯಲ್ಲಿ ಕವಡೆಯನ್ನು ಹುಡುಕಿಕೊಂಡು ಹೋಗುವ ಗರಜು ಯಾರಿಗಿದೆ?

ಚೌಕಾಬಾರವನ್ನು ಬಲ್ಲ ವಾಚಕರು ಕ್ಷಮಿಸಬೇಕು. ಅರಿಯದವರಿಗಾಗಿ ಎರಡು ಮಾತು. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ 1, ಒಟ್ಟು 25. ಆಡುವವರು ನಾಲ್ವರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬೀಜ ಚೆಲ್ಲಿದಾಗ ಎಷ್ಟು ಬಿಳುಪು ಮೇಲಾದರೆ ಅಷ್ಟು ನಡೆ. ನಾಲ್ಕೂ ಬೆಳ್ಳಗಾದರೆ ‘ಚೌಕ’, ನಾಲ್ಕೂ ಕವುಚಿಬಿದ್ದರೆ ‘ಬಾರ’, ಅದಕ್ಕೆ ಎಂಟು. ಇವೆರಡಕ್ಕೂ ಇನ್ನೊಂದು ಸಲ ಹಾಕುವ ಹಕ್ಕುಂಟು. ಹೊರಸುತ್ತು ಒಂದು ದಿಕ್ಕಿಗಾದರೆ ಒಳಸುತ್ತು ಅದರ ವಿರುದ್ಧ ದಿಕ್ಕಿಗೆ. ಗೀರು ಹಾಕಿದ ಮನೆಯಲ್ಲಿ ನಿಂತ ಕಾಯಿಯನ್ನು ಹೊಡೆಯುವಂತಿಲ್ಲ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದವನಿಗೆ ಒಳಸುತ್ತಿನ ಬಾಗಿಲು ತೆರೆಯದು. ನಡುಮನೆಯನ್ನು ಮುಟ್ಟಿದ ಕಾಯಿ ‘ಹಣ್ಣು’. ಈ ಹೆಸರನ್ನು ಇಟ್ಟವರು ಯಾರೋ, ಭಾಷೆಯ ಮರ್ಮವನ್ನು ಬಲ್ಲವರೇ ಸರಿ.

ಲೆಕ್ಕಾಚಾರಕ್ಕೆ ಹೊರಟರೆ ಆಟ ಇನ್ನೂ ರುಚಿಸುತ್ತದೆ. ನಾಲ್ಕು ಬೀಜಗಳು ಬೀಳಬಹುದಾದ ಬಗೆಗಳು 16. ಅವುಗಳಲ್ಲಿ ಎರಡು ಬೀಳುವ ಬಗೆ 6. ಒಂದಕ್ಕೆ 4, ಮೂರಕ್ಕೆ 4. ಚೌಕಕ್ಕೂ ಬಾರಕ್ಕೂ ಒಂದೊಂದೇ. ಆದರೆ ಇದು ಎರಡು ಮಗ್ಗುಲೂ ಸರಿಸಮವಾದ ಬೀಜದ ಲೆಕ್ಕ. ಉಜ್ಜಿದ ಹುಣಸೆಬೀಜ ಅಷ್ಟು ನಿಷ್ಪಕ್ಷಪಾತಿಯಲ್ಲ. ಯಾವ ಬೀಜ ಯಾವ ಕೈಗೆ ಒಲಿಯುವುದೆಂಬುದು ಆಯಾ ಜಗಲಿಯವರಿಗೆ ಮಾತ್ರ ಗೊತ್ತು.

ಮಾಲೆಯೆಂದರೆ ಇದೂ ಒಂದು ಮಾಲೆಯೇ. ಚೌಕಾಬಾರದಲ್ಲಿ ಐದು ಮನೆಯದುಂಟು, ಏಳು ಮನೆಯದುಂಟು. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಆಡುವ ಆಟ ಒಂದಲ್ಲ, ಹಲವು. ಕಡಲಾಚೆಯ ಆಫ್ರಿಕದಲ್ಲಿಯೂ, ಮಲಯ ದೇಶದಲ್ಲಿಯೂ ಅದರ ನೆಂಟರಿದ್ದಾರೆ. ಮೂರು ಹುಲಿ, ಹದಿನೈದು ಕುರಿಗಳ ಆಟವನ್ನು ದನಗಾಹಿಗಳು ಬಂಡೆಯ ಮೇಲೆಯೇ ಕೊರೆದಿಟ್ಟಿದ್ದಾರೆ. (ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಹುಲಿಯೆಂಬುದು ಬಂಡೆಯ ಮೇಲಿನ ಹರಳು ಮಾತ್ರವಲ್ಲವಾದುದರಿಂದ, ಅಲ್ಲಿ ಈ ಆಟಕ್ಕೆ ಬೇರೆಯೇ ಒಂದು ಗಾಂಭೀರ್ಯವಿರಬೇಕು.) ಇವುಗಳಿಗೆ ಕರ್ತೃವಿಲ್ಲ, ಕಂಪೆನಿಯಿಲ್ಲ. ಆರನೆಯ ಭಾಗ ಎಂದು ಬರುವುದೆಂದು ಕಾಗದ ಬರೆಯೋಣವೆಂದರೆ ವಿಳಾಸವೂ ಇಲ್ಲ. ಹೀಗಿದ್ದೂ ಇವುಗಳ ಭವಿಷ್ಯವೂ ಅಷ್ಟೇ ಅನಿಶ್ಚಿತ.

ಇವುಗಳ ಅಭಿಮಾನಿಗಳಲ್ಲಿಯೂ ಎರಡು ಪಂಗಡ. ನಿಯಮಗಳನ್ನೆಲ್ಲ ಒಂದೆಡೆ ಬರೆದು, ಮಣೆಗಳನ್ನು ಅಂದವಾಗಿ ಮಾಡಿಸಿ, ಮೊಬೈಲಿಗೂ ಇಳಿಸಿದರಲ್ಲದೆ ಇವು ಉಳಿಯಲಾರವೆಂದು ಒಂದು ಪಂಗಡ. ನಿಯಮವನ್ನು ಕಟ್ಟಿಹಾಕಿದ ದಿನವೇ ಆಟದ ಪ್ರಾಣ ಹಾರಿತೆಂದು ಇನ್ನೊಂದು. ಎರಡನೆಯವರ ಮಾತು ಬರಿಯ ಮೊಂಡುತನವಲ್ಲ. ಜೋಡಿ ಕಟ್ಟಿದ ಕಾಯಿಗಳನ್ನು ಒಂಟಿಕಾಯಿ ಹೊಡೆಯಬಹುದೆ? ಮೂರು ಬಾರ ಒಂದರ ಹಿಂದೊಂದು ಬಿದ್ದರೆ ಲಾಭವೆ, ನಷ್ಟವೆ? ಒಂದು ಮನೆಯ ಉತ್ತರ ಪಕ್ಕದ ಮನೆಗೆ ಒಪ್ಪಿಗೆಯಿಲ್ಲ. ಮದುವೆಯಾಗಿ ಬಂದ ಸೊಸೆ ತವರಿನ ಕಟ್ಟಳೆಯನ್ನು ತರುತ್ತಾಳೆ. ಅತ್ತೆ ತನ್ನದನ್ನು ಬಿಡುವುದಿಲ್ಲ. ಎರಡೂ ಕೂಡಿ ಮೂರನೆಯದೊಂದು ಹುಟ್ಟುತ್ತದೆ. ಅಚ್ಚಾದ ಪುಸ್ತಕ ಈ ಜಗಳವನ್ನು ಹೇಗೆ ತಾನೇ ಆಡೀತು?

ಬರೆದಿಟ್ಟರೆ ಸಾಕೆನ್ನುವವರು ಮೈಸೂರಿನ ಅರಮನೆಯ ಕಡೆಗೊಮ್ಮೆ ನೋಡಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ವಿಷಯದಲ್ಲಿ ಅಸಾಧಾರಣ ಪುರುಷರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಆ ದೊರೆಯ ಬುದ್ಧಿಗೆ ಚದುರಂಗದ ಮನೆಗಳೇ ರಾಜ್ಯವಾದುವೆಂದರೂ ಸಲ್ಲುವುದು. ಒಂಬತ್ತು ನಿಧಿಗಳುಳ್ಳ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಭಾಗ ಒಂದುಂಟು. ಗಂಜೀಫಾ ಎಲೆಗಳಿಂದ ಆಡುವ ಹದಿಮೂರು ಆಟಗಳ ಮಾಲೆಯನ್ನು ಅಲ್ಲಿ ವಿವರಿಸಿದೆ. ಆಟದಿಂದ ಆಟಕ್ಕೆ ಜಟಿಲತೆ ಏರುತ್ತ ಹೋಗಿ, ಕೆಲವಕ್ಕೆ ಹದಿನೆಂಟು ಬಣ್ಣಗಳೂ 360 ಎಲೆಗಳವರೆಗೂ ಬೇಕು. ಇಸ್ಪೀಟಿನಲ್ಲಿರುವುದು ನಾಲ್ಕು ಬಣ್ಣ, 52 ಎಲೆ! ಕರ್ತೃವೇ ಮಹಾರಾಜ, ನಿಯಮಗಳು ಬರಹದಲ್ಲಿ, ಎಲೆಗಳನ್ನು ಬರೆಯಲು ಆಸ್ಥಾನದ ಚಿತ್ರಕಾರರು—ಒಂದು ಆಟಕ್ಕೆ ಇದಕ್ಕಿಂತ ಹೆಚ್ಚಿನ ಆಶ್ರಯ ಏನಿದ್ದೀತು? ಆದರೂ ಆ ಆಟಗಳು ಅರಮನೆಯ ಹೊಸಲನ್ನು ದಾಟಿ ಊರಿನ ಜಗಲಿಗೆ ಬರಲೇ ಇಲ್ಲ. ಇಂದು ಗಂಜೀಫಾ ಎಂದರೆ ಚಿತ್ರಕಲೆ. ರಘುಪತಿ ಭಟ್ಟರಂಥವರ ಶ್ರಮದಿಂದ ಆ ಕಲೆಗೆ ಮರುಜೀವ ಬಂದಿದೆ, ಮೈಸೂರಿನ ಗಂಜೀಫಾಕ್ಕೆ ಭೌಗೋಳಿಕ ಗುರುತೂ ದೊರೆತಿದೆ. ಎಲೆಯನ್ನು ಚೌಕಟ್ಟಿನಲ್ಲಿಟ್ಟು ಗೋಡೆಗೆ ತೂಗುಹಾಕುವವರು ಸಿಗುತ್ತಾರೆ. ಕೈಯಲ್ಲಿ ಹಿಡಿದು ಆಡುವವರು?

ಅದೇ ದೊರೆಯ ಇನ್ನೊಂದು ಹುಚ್ಚು ಬೇರೆ ದಾರಿ ಹಿಡಿಯಿತು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿಬರುವ ನಡೆಗಳನ್ನು ಅವರು ಬಹುವಾಗಿ ರಚಿಸಿದರು. ಮೆಟ್ಟಿದ ಕ್ರಮದಲ್ಲಿ ಅಂಕಿ ಬರೆಯುತ್ತ ಹೋದರೆ ಪ್ರತಿ ಅಡ್ಡಸಾಲಿನ ಮೊತ್ತವೂ ಪ್ರತಿ ಉದ್ದಸಾಲಿನ ಮೊತ್ತವೂ 260 ಆಗುವಂಥ ನಡೆಯನ್ನು ಕಂಡವರ ಸಾಲಿನಲ್ಲಿ ಅವರ ಹೆಸರೂ ಸೇರಿದೆ. ಕರ್ಣಗಳೂ 260 ಆಗುವ ನಡೆಯುಂಟೆ ಎಂದು ಮುಂದಿನವರು ತಲೆ ಕೆಡಿಸಿಕೊಂಡರು; ಇಲ್ಲವೆಂದು 2003ರಲ್ಲಿ ಕಂಪ್ಯೂಟರುಗಳು ಎರಡು ತಿಂಗಳಷ್ಟು ಎಣಿಕೆ ಮಾಡಿ ತೀರ್ಮಾನ ಕೊಟ್ಟುವು. ಈ ಒಗಟಿಗೆ 360 ಎಲೆ ಬೇಕಿಲ್ಲ, ಆಸ್ಥಾನ ಬೇಕಿಲ್ಲ. ಕಾಗದದ ಚೂರು ಸಾಕು. ಎಲ್ಲಿಯವರೋ ಅದನ್ನು ತಮ್ಮದೆಂದು ಕೈಗೆತ್ತಿಕೊಂಡರು.

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ವೆಂಬ ಹೆಸರಿನ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳನ್ನು ಪೇಟೆಯ ಜನರ ಕಣ್ಣಿಗೆ ಮತ್ತೆ ತಂದಿದೆ. ಮರದಲ್ಲಿ ಕೆತ್ತಿದ, ಬಟ್ಟೆಯ ಮೇಲೆ ಕಸೂತಿ ಹಾಕಿದ ಮನೆಗಳು ನೋಡಲು ಬಲು ಸೊಗಸು. ಸೊಗಸಾದ ಮಣೆಯನ್ನು ಕೊಂಡೊಯ್ದವರು ಅದರ ಮೇಲೆ ಹೂದಾನಿ ಇಡದಿದ್ದರೆ ಸರಿ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಇನ್ನೊಂದು ಬಗೆಯ ಉದಾಹರಣೆಯಿದೆ. 1960ರ ದಶಕದ ಆದಿಯಲ್ಲಿ ಅಲ್ಲಿ ನೆಲೆಗೊಂಡ ಟಿಬೆಟಿನ ಜನ ತಮ್ಮೊಡನೆ ತಂದ ಅಲ್ಪಸ್ವಲ್ಪದಲ್ಲಿ ‘ಷೋ’ ಎಂಬ ದಾಳದ ಆಟವೂ ಒಂದು. 64 ಕವಡೆಗಳ ಸರಣಿ, ಒಬ್ಬೊಬ್ಬರಿಗೆ ಒಂಬತ್ತು ಕಾಯಿ, ಎರಡು ದಾಳ, ಒಂದು ಮರದ ಬಟ್ಟಲು. ಬಟ್ಟಲನ್ನು ಚರ್ಮದ ಮೆತ್ತೆಯ ಮೇಲೆ ಧೊಪ್ಪನೆ ಕವುಚುವಾಗ ಬೇಕಾದ ಗರವನ್ನು ಕೂಗಿ ಕರೆಯುವುದು ಸಂಪ್ರದಾಯ. ಚೌಕಾಬಾರದಲ್ಲಿ ದಾಳವಾದ ಕವಡೆ ಅಲ್ಲಿ ದಾರಿಯ ಎಣಿಕೆಯಾಗಿದೆ. ದೇಶ ಬಿಟ್ಟುಬಂದವರಿಗೆ ಆಟ ಭಾರವಾಗಲಿಲ್ಲ. ಆಡುವವರೇ ಅದನ್ನು ಹೊತ್ತು ತಂದಿದ್ದರು.

ಅದಿರಲಿ. ಬ್ಯಾರನ್ನಿನ ಮುಂದೆ ಆಟ ನಡೆದೇ ಇತ್ತು. ಹಿರಿಯವನು ಅಜ್ಜಿಯ ಕಟ್ಟಳೆಗಳನ್ನು ಮೊಬೈಲಿನಲ್ಲಿ ಬರೆದುಕೊಳ್ಳತೊಡಗಿದ್ದನು. ಬೆಂಗಳೂರಿಗೆ ಹೋದ ಮೇಲೆ ಇದನ್ನೊಂದು ಆ್ಯಪ್ ಮಾಡುವುದೆಂದು ಆತನ ಸಂಕಲ್ಪ.

“ಮೂರು ಸಲ ಬಾರ ಬಿದ್ದರೆ ಏನಜ್ಜಿ?”

“ಆಡೋರು ಯಾರು ಅನ್ನೋದರ ಮೇಲೆ.”

ಇದನ್ನು ಬರೆದುಕೊಳ್ಳುವ ಬಗೆ ಆತನಿಗೆ ಹೊಳೆಯಲಿಲ್ಲ. ಕಿರಿಯವನು ನಕ್ಕನು. ಆಗ ಹಿರಿಯವನು, ಅಟ್ಟದ ಮೇಲಿರುವ ಅಳಗುಳಿಮಣೆಯ ಆಟಗಳನ್ನಾದರೂ ಹೇಳಿಬಿಡೆಂದು ಬೇಡಿದನು. ಅಜ್ಜಿ ಎರಡನ್ನು ಸಾಂಗವಾಗಿ ಹೇಳಿದಳು. ಮೂರನೆಯದು ತವರಿನಿಂದ ತಂದದ್ದು. ಗುಳಿಗೆ ಎಷ್ಟು ಬೀಜ ತುಂಬಬೇಕು, ಮೊದಲ ಕೈ ಎಲ್ಲಿಂದ ಎತ್ತಬೇಕು, ಬರಿದಾದ ಗುಳಿಯ ಮುಂದಣದು ಯಾರ ಪಾಲು—ಇಷ್ಟು ಹೇಳಿ ನಿಲ್ಲಿಸಿದಳು. ಬೆರಳುಗಳು ಮಾತ್ರ ಗಾಳಿಯಲ್ಲಿ ಒಂದೊಂದಾಗಿ ಬೀಜ ಇಳಿಸುತ್ತ ಅರ್ಧ ಸುತ್ತು ಹೋಗಿ ಅಲ್ಲಿಯೇ ನಿಂತುವು.

“ಆಮೇಲೆ?”

“ಅದನ್ನ ನಾನೂ ನನ್ನ ತಂಗೀನೂ ಆಡ್ತಿದ್ದದ್ದು. ಕೊನೇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.”

ತಂಗಿ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದುವು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕಿರಿಯವನು ಎದ್ದು ಉಷ್ಣಮಾಪಕವನ್ನು ನೋಡಿ, ಒಲೆಗೆ ಎರಡು ಕೊರಡು ನೂಕಿ ಬಂದನು. ಅಜ್ಜಿ ಹುಣಸೆಬೀಜಗಳನ್ನು ಅಂಗೈಯಲ್ಲಿ ಕುಲುಕಿ ಚೆಲ್ಲಿದಳು. ನಾಲ್ಕೂ ಕವುಚಿ ಬಿದ್ದುವು. ಆಕೆಯ ಹಳದಿ ಕಾಯಿ ಎಂಟು ಮನೆ ಮುಂದೆ ಹೋಗಿ ಹಿರಿಯ ಮೊಮ್ಮಗನ ಕಾಯನ್ನು ಹೊಡೆದು ಕುಳಿತಿತು.

“ಇನ್ನೊಂದು ಸಲ ನಂದೇ,” ಎಂದು ಬೀಜಗಳನ್ನು ಬಾಚಿಕೊಂಡಳು.