ಅರ್ಧ ರೇಟಿನ ಊಟಕ್ಕೆ ಪೂರಾ ಋಣ ಯಾಕೆ?

ಬೆಂಗಳೂರಿಗೆ ದುಡಿಯಾಕ ಹೋದ ನಮ್ಮ ಹುಡುಗರು ಹಬ್ಬಕ್ಕೆ ಬಂದಾಗ ಕಟ್ಟೆ ಮ್ಯಾಲೆ ಒಂದು ಮಾತು ಹೇಳ್ತಾರ. ದೊಡ್ಡ ಹೊಟೇಲಿನವರೂ ಈಗ ಬಡವರ ಕಡೆ ನೋಡ್ಯಾರ, ರಾತ್ರಿ ಸಾವಿರಾರು ರೂಪಾಯಿ ಆಗೋ ಜಾಗದಾಗ ಮಧ್ಯಾಹ್ನ ಅರ್ಧ ರೇಟಿಗೆ ಊಟ ಹಾಕ್ತಾರ ಅಂತ. ಕೇಳಿದವರು ಹೌದೌದು ಅಂತಾರೆ. ಒಬ್ಬ ಮೇಷ್ಟ್ರಂತೂ ಇದನ್ನು ಉದಾರತೆ ಅಂದರು. ಮೇಷ್ಟ್ರೇ, ಅದು ವ್ಯಾಪಾರ. ವ್ಯಾಪಾರ ಮಾಡೋದು ತಪ್ಪಲ್ಲ, ಅದಕ್ಕೆ ದಾನದ ಹೆಸರಿಡೋದು ತಪ್ಪು.

ಆದೋನಿ ಯಾರ್ಡಿಗೆ ಹತ್ತಿ ಹಾಕುವ ನಮಗೆ ಈ ಲೆಕ್ಕ ಹೊಸದೇನಲ್ಲ. ಬೆಂಗಳೂರಿನಾಗ ಈರುಳ್ಳಿ ಇಳಿಸಿದ ಲಾರಿ ಖಾಲಿ ವಾಪಸ್ ಬರಬೇಕಾದರೆ ಡ್ರೈವರ್ ಅರ್ಧ ಬಾಡಿಗೆಗೂ ಮಾಲು ಹಾಕ್ಕೊಂತಾನ. ನಮ್ಮ ಮೇಲಿನ ಪ್ರೀತಿಗೇನು? ಡೀಸೆಲ್ ಹೆಂಗಿದ್ರೂ ಸುಡತೈತಿ. ದೊಡ್ಡ ಹೊಟೇಲೂ ಹಂಗೇ. ಗಿರಾಕಿ ಬರೋದು ರಾತ್ರಿ, ಮಧ್ಯಾಹ್ನ ಕುರ್ಚಿ ಖಾಲಿ. ಬಾಡಿಗೆ, ಅಡುಗೆಯವರ ಪಗಾರ, ಏಸಿ ಕರೆಂಟು ಮಾತ್ರ ನಿಲ್ಲೋದಿಲ್ಲ. ಬಂದಷ್ಟು ಬರಲಿ ಅಂತ ಸೆಟ್ ಮೆನು ಇಡ್ತಾರ: ಒಂದು ಸೂಪು, ಎರಡು ಪಲ್ಯ, ಒಂದಿಷ್ಟು ಅನ್ನ, ಒಂದು ಸಿಹಿ. ನಮಗೆ ಬೇಕಾದ್ದು ಕೇಳಂಗಿಲ್ಲ. ಏನು ಬೇಯಿಸಬೇಕಂತ ಅವರಿಗೆ ಬೆಳಿಗ್ಗೆನೇ ಗೊತ್ತು, ಹಿಂಗಾಗಿ ಚೆಲ್ಲೋದು ಕಡಿಮೆ. ಬಾಟಲಿ ನೀರಿಗೆ ಬೇರೆ ದುಡ್ಡು. ರೂಮಿನ ಬಾಡಿಗೆ ದಿನಕ್ಕೆ 7500 ರೂಪಾಯಿ ದಾಟಿದ ಹೊಟೇಲಾದರೆ ಊಟದ ಮೇಲೆ ಜಿಎಸ್‌ಟಿ ನೂರಕ್ಕೆ 18, ನಮ್ಮಂಥವರು ಹೋಗೋ ಹೊಟೇಲಿಗೆ 5. ಅದರ ಮೇಲೆ ಸರ್ವಿಸ್ ಚಾರ್ಜ್ ಅಂತ ಇನ್ನೊಂದು. ಅದನ್ನು ತಾನಾಗೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳೈತಿ, 2025ರಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿ ಹಿಡಿದೈತಿ. ಹುಡುಗರು ಕಟ್ಟೆ ಮ್ಯಾಲೆ ಇದನ್ನೂ ಹೇಳಬೇಕಲ್ಲ!

ನಿಜವಾಗಿ ಅಸಲಿಗಿಂತ ಕಡಿಮೆಗೆ ಉಣಿಸಿದರೆ ಯಾರೋ ಒಬ್ಬರು ಆ ನಷ್ಟ ಹೊರಬೇಕು. ನಮ್ಮ ಆಂಧ್ರದಾಗ ಅಣ್ಣ ಕ್ಯಾಂಟೀನಿನ ಊಟ 5 ರೂಪಾಯಿ, ಉಳಿದದ್ದು ಸರ್ಕಾರ ಕಟ್ಟತೈತಿ. 1975ರ ತುರ್ತುಪರಿಸ್ಥಿತಿಯೊಳಗೆ ಹೊಟೇಲು ದರ ಇಳಿಸಬೇಕು ಅಂತ ಸರ್ಕಾರ ಹುಕುಂ ಮಾಡಿದಾಗ, ಆ ದರಕ್ಕೆ ನಮ್ಮ ರುಚಿ ಉಳಿಯೋದಿಲ್ಲ ಅಂತ ಬೆಂಗಳೂರಿನ ಎಂಟಿಆರ್‌ನವರು ಹೊಟೇಲನ್ನೇ ಮುಚ್ಚಿ ರೆಡಿ ಹಿಟ್ಟು, ಪುಡಿ ಮಾರಾಕ ಇಳಿದರು. ನಷ್ಟದ ಊಟ ಅಂದ್ರೆ ಅದು. ವರ್ಷಪೂರ್ತಿ ಬೋರ್ಡು ಹಾಕಿ ಅರ್ಧ ರೇಟಿಗೆ ಕೊಡೋರು ನಷ್ಟದಾಗ ಕೊಡೋದಿಲ್ಲ.

ಇಷ್ಟಾದರೂ ಹೊಟೇಲಿನವರ ಜೊತೆ ನನಗೆ ಜಗಳ ಇಲ್ಲ. ಅವರು ರೇಟು ಬರೆದು ಹಾಕ್ಯಾರ, ಬೇಕಾದವರು ಹೋಗ್ತಾರ. ಜಗಳ ಇರೋದು ಅಲ್ಲಿಗೆ ಕರ್ಕೊಂಡು ಹೋಗಿ ಋಣ ಹೊರಿಸುವವರ ಜೊತೆ. ಎರಡು ವರ್ಷದ ಹಿಂದೆ ಬೆಂಗಳೂರಿನಾಗ ತತ್ವಪದ ಹಾಡಾಕ ನಮ್ಮ ಮೇಳದ ಒಂಬತ್ತು ಜನರನ್ನು ಕರೆಸಿದ್ದರು. ತಲೆಗೆ 2000 ಅಂತ ಮಾತಾಗಿತ್ತು. ಹಾಡು ಮುಗಿದ ಮ್ಯಾಲೆ ಇಂಥದೇ ಹೊಟೇಲಿಗೆ ಕರೆದುಕೊಂಡು ಹೋದರು. ಬಾಗಿಲಾಗ ಬೋರ್ಡು: 1300 ಹೊಡೆದು ಹಾಕಿ 650. ಸಿಹಿ ಚಲೋ ಇತ್ತು, ಸುಳ್ಳು ಯಾಕೆ ಹೇಳಲಿ. ಜೋಳದ ರೊಟ್ಟಿ ಮಾತ್ರ ಅಂಗೈ ಅಗಲ, ಇನ್ನೊಂದು ಕೇಳಿದರೆ ಬೇರೆ ಬಿಲ್ಲು. ಹೊರಡುವಾಗ ಕೈಗಿಟ್ಟ ಕವರಿನಾಗ ತಲೆಗೆ 700 ಇತ್ತು. ಯಾಕ್ರೀ ಅಂದರೆ, ‘ನಿಮ್ಮ ಒಬ್ಬೊಬ್ಬರ ಊಟಕ್ಕ 1300 ಆಗೈತಿ, ಇಂಥ ಕಡೆ ಯಾರು ಉಣಿಸ್ತಾರ ನಿಮಗ’ ಅಂದರು. ನಾನು ಓದಿದ್ದು ಏಳನೇ ಇಯತ್ತೆ. ತೆರಿಗೆ ಬದಿಗಿಟ್ಟು ಲೆಕ್ಕ ಹಾಕಿದೆ. ಒಂಬತ್ತು ಜನರ ಮ್ಯಾಲೆ 5850 ರೂಪಾಯಿ! ರಿಯಾಯಿತಿ ಸಿಕ್ಕಿದ್ದು ಅವರ ಜೇಬಿಗೆ, ಕೈ ಮುಗಿಯಬೇಕಾದವರು ನಾವು.

ಹೋಗಲಿ, ಆ ಬಾಕಿ 650 ಆದರೂ ಹಿಡಿಯೋದು ಯಾವ ನ್ಯಾಯ? ನಮ್ಮ ಹೊಲದಾಗ ಹತ್ತಿ ಬಿಡಿಸಾಕ ಬಂದವರಿಗೆ ಮಧ್ಯಾಹ್ನ ಮಜ್ಜಿಗೆ, ಶೇಂಗಾ ಚಟ್ನಿ ಕೊಟ್ಟು ಸಂಜೆ ಅದನ್ನು ಕೂಲಿಯಾಗ ಹಿಡಿದು ನೋಡ್ರಿ. ಮರುದಿನ ಒಬ್ಬರೂ ಹೊಲದ ಬದುವಿಗೆ ಬರೋದಿಲ್ಲ. ಅಷ್ಟು ಮರ್ಯಾದೆ ನಮ್ಮ ಕೂಲಿಯ ಹೆಣ್ಣುಮಕ್ಕಳಿಗೆ ಐತಿ. ಹಾಡುವವರಿಗೆ ಇರಬಾರದೇನು?

‘ಅಂಥ ಹೊಟೇಲಿನಾಗ ಕೂತದ್ದೇ ನಿಮಗ ಒಂದು ಗೌರವ’ ಅನ್ನೋರೂ ಅದಾರ. ಅಣ್ಣಾ, ನಾನು ಹೋಗೋ ಮೊದಲೇ ನಮ್ಮ ಸೀಮೆ ಜೋಳ, ಟೊಮ್ಯಾಟೊ ಅಲ್ಲಿಗೆ ಹೋಗ್ಯಾವ. ಪತ್ತಿಕೊಂಡದ ಮಾರುಕಟ್ಟೆಯಾಗ ಕಿಲೋ ಟೊಮ್ಯಾಟೊ ಒಂದು ರೂಪಾಯಿಗೆ ಇಳಿದು ರೈತ ರಸ್ತೆಗೆ ಸುರಿದು ಹೋದ ದಿನ ಆ ಸೂಪಿನ ರೇಟು ಎಷ್ಟು ಇಳಿದಿತ್ತು?

ಈಗ ಕಾರ್ಯಕ್ರಮಕ್ಕೆ ಕರೆದವರಿಗೆ ಫೋನಿನಾಗೇ ಹೇಳ್ತೀನಿ. ಮೊದಲು ದುಡ್ಡು, ಆಮೇಲೆ ತಂಬೂರಿಗೆ ಶ್ರುತಿ. ಊಟ ಹಾಕಿದರೆ ಉಂಡು ಬರ್ತೀವಿ, ಹಾಕದಿದ್ರೆ ಬುತ್ತಿ ಕಟ್ಕೊಂಡೇ ಬಂದಿರ್ತೀವಿ.