ಸಹಿ ಹಾಕುವ ಮುಂಚೆ ಒಂದು ಮಾತು

ನಮ್ಮ ಅಮಾಸೆಬೈಲಿನ ಮಳೆ ಗೊತ್ತಲ್ಲ? ಅಂಥದ್ದೇ ಒಂದು ಮಳೆಯಲ್ಲಿ ಪಕ್ಕದ ಮನೆಯಾಕೆಯ ಗಂಡ ಓಡಿಸುತ್ತಿದ್ದ ಇಲಾಖೆಯ ಜೀಪು ಮಗುಚಿ ಅವರ ಬಲಗಾಲು ಹೋಯಿತು. ವಯಸ್ಸು ನಲವತ್ತು. ಆಸ್ಪತ್ರೆಯಿಂದ ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ, ಆಕೆ ಒಂದು ಕಾಗದ ಹಿಡಿದು ಬಂದಳು. "ನಿವೃತ್ತಿಗೆ ಬರೆದುಕೊಟ್ರೆ ಪಿಂಚಣಿ, ಇಲ್ದಿದ್ರೆ ಪರಿಹಾರಕ್ಕೆ ಹೋಯ್ಕಂತೆ. ಎಂತ ಮಾಡುದ್ ಅಕ್ಕಾ?"

ಈ ಪ್ರಶ್ನೆಯೇ ತಪ್ಪು. ಎರಡು ಬಾಗಿಲು ತೋರಿಸಿದವರು ಮೂರನೆಯದನ್ನು ಮುಚ್ಚಿಟ್ಟಿದ್ದರು. ಅದು ಕೆಲಸದ ಬಾಗಿಲು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20(4)ನೇ ಕಲಮು ಏನು ಹೇಳುತ್ತದೆ ನೋಡಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯಲ್ಲಿ ಬೇರೆ ಹುದ್ದೆ ಕೊಡಬೇಕು. ಅದೂ ಖಾಲಿಯಿಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ಸರ್ಕಾರಿ ಕಂಪನಿ, ನಿಗಮಗಳಿಗೂ ಇದು ಅನ್ವಯ. (ಕೆಲವು ಸಂಸ್ಥೆಗಳಿಗೆ ಸರ್ಕಾರ ಅಧಿಸೂಚನೆ ಮೂಲಕ ವಿನಾಯಿತಿ ಕೊಡಬಹುದು, ಅದನ್ನು ವಿಚಾರಿಸಿ.) ಇದಕ್ಕೂ ಹಿಂದೆ, 1995ರ ಕಾಯ್ದೆಯಡಿ, ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಕುನಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ, ಅಶಕ್ತತಾ ಪಿಂಚಣಿ ಸಿಕ್ಕಿತೆಂಬ ಕಾರಣಕ್ಕೆ ಈ ರಕ್ಷಣೆ ತಪ್ಪಿಸಲಾಗದು ಎಂದಿತ್ತು.

ಇನ್ನು ಪರಿಹಾರ. 1923ರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅಪಘಾತ ಕೆಲಸದ ವೇಳೆ, ಕೆಲಸದಿಂದಲೇ ಆಗಿರಬೇಕು. ಎಲ್ಲ ನೌಕರರೂ ಇದರ ವ್ಯಾಪ್ತಿಗೆ ಬರುವುದಿಲ್ಲ. ಹಳೆ ಕಾಯ್ದೆಯಲ್ಲಿ 2020ರ ಜನವರಿಯಲ್ಲಿ ನಿಗದಿಯಾದ ಸಂಬಳದ ಮಿತಿ 15,000 ರೂಪಾಯಿ. ಅದರ ಶೇ. 60 ಅಂದರೆ 9,000. ನಲವತ್ತರ ವಯಸ್ಸಿನ ಗುಣಕ 184.17. ಪೂರ್ಣ ಅಶಕ್ತತೆಗೆ 16,57,530 ರೂಪಾಯಿ. ಗಳಿಸುವ ಶಕ್ತಿ ಶೇ. 40 ಮಾತ್ರ ಹೋಯಿತೆಂದರೆ 6,63,012. ಇಪ್ಪತ್ತು ವರ್ಷದ ಸಂಬಳದ ಎದುರು ಇದೆಷ್ಟು, ನೀವೇ ಗುಣಿಸಿ ನೋಡಿ! ವಾಹನ ಅಪಘಾತವಾದರೆ ಮೋಟಾರು ವಾಹನ ಕಾಯ್ದೆಯಡಿ ಕೇಳುವುದೋ, ಇದರಡಿಯೋ ಎಂಬುದೂ ಇದೆ. ಎರಡರಲ್ಲಿ ಒಂದನ್ನೇ ಆರಿಸಬೇಕು.

ಅಶಕ್ತತಾ ಪಿಂಚಣಿ ಸೇವೆಯ ಗಳಿಕೆ. ವೈದ್ಯಕೀಯ ಪ್ರಮಾಣಪತ್ರದ ಮೇಲೆ ನಿಂತದ್ದು. ಯಾವ ಕೆಲಸವೂ ಸಾಧ್ಯವೇ ಇಲ್ಲ ಎನ್ನುವವರಿಗೆ ಅದು ಸರಿಯಾದ ದಾರಿ. ಆದರೆ 2006ರ ಏಪ್ರಿಲ್ 1ರ ನಂತರ ಸೇರಿ ಎನ್‌ಪಿಎಸ್‌ನಲ್ಲಿರುವ ರಾಜ್ಯ ನೌಕರರ ಲೆಕ್ಕ ಬೇರೆ. ಒಂದನ್ನು ಪಡೆದರೆ ಇನ್ನೊಂದು ಕಡಿತವಾಗುತ್ತದೆಯೇ ಎಂದು ಕಚೇರಿಯಿಂದ ಬರಹದಲ್ಲೇ ಉತ್ತರ ಪಡೆಯಿರಿ.

ಹಾಗಾದರೆ ಮೊದಲು ಏನು ಮಾಡಬೇಕು? ಸ್ವಯಂ ನಿವೃತ್ತಿ ಕಾಗದಕ್ಕೆ ಸಹಿ ಬೇಡ. ಪರ್ಯಾಯ ಹುದ್ದೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಪಘಾತದ ವರದಿ, ಆಸ್ಪತ್ರೆ ಚೀಟಿ, ಅಂಗವೈಕಲ್ಯ ಪ್ರಮಾಣಪತ್ರ ಒಂದೇ ಫೈಲಿನಲ್ಲಿರಲಿ. ಪರಿಹಾರದ ಅರ್ಜಿಗೆ ಕಾಲಮಿತಿ ಇದೆ, ತಡ ಮಾಡಬೇಡಿ. ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಕುಂದಾಪುರದ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೂ ವಿಕಲಚೇತನರಿಗೂ ಆದಾಯ ಎಷ್ಟೇ ಇರಲಿ, ನೆರವು ಉಚಿತ.

ಪಕ್ಕದ ಮನೆಯಾಕೆ ಆ ಕಾಗದವನ್ನು ಮಡಚಿ ಡಬ್ಬಿಯಲ್ಲಿಟ್ಟಳು. ಮರುದಿನ ಕುಂದಾಪುರದ ಬಸ್ಸು ಹತ್ತಿದಳು. ನಿಮ್ಮ ಮನೆಗೂ ಅಂಥ ಕಾಗದ ಬಂದರೆ, ಪೆನ್ನು ಹುಡುಕುವ ಮುಂಚೆ ಕೇಳಿ: "ಕೆಲಸ ಎಲ್ಲಿ?"