ಕೋವಿಯ ಹಕ್ಕು ಯಾರ ಪಾಲಿಗೆ?

ಅಮೆರಿಕದ ಪ್ರಜೆಯ ಕೈಯಲ್ಲಿ ಕೋವಿಯಿದೆ, ಆದ್ದರಿಂದ ಅಲ್ಲಿ ಸರ್ವಾಧಿಕಾರ ತಲೆಯೆತ್ತಲಾರದು, ನಮ್ಮ ಸಂವಿಧಾನದಲ್ಲೂ ಅಂಥ ಹಕ್ಕು ಇರಬೇಕಿತ್ತು ಎಂದು ವಾದಿಸುವ ಮಹನೀಯರು ನಮ್ಮಲ್ಲಿಯೂ ಇದ್ದಾರೆ. ಕೇಳುವುದಕ್ಕೆ ವೀರಾವೇಶದ ಮಾತು. ಆದರೆ ಆ ಹಕ್ಕು ಹುಟ್ಟಿದ್ದು ಏತಕ್ಕೆ, ಒದಗಿದ್ದು ಯಾರಿಗೆ ಎಂಬ ಎರಡು ಪ್ರಶ್ನೆಗಳನ್ನು ಇವರು ಕೇಳಿಕೊಂಡಂತಿಲ್ಲ. ಅವರ ಪರವಾಗಿ ನಾವೇ ಕೇಳುತ್ತೇವೆ.

1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ ಎರಡನೆಯ ತಿದ್ದುಪಡಿ ಒಂದೇ ವಾಕ್ಯದ್ದು. ಸ್ವತಂತ್ರ ರಾಜ್ಯದ ಭದ್ರತೆಗೆ ಶಿಸ್ತಿನ ನಾಗರಿಕ ಪಡೆ ಅಗತ್ಯವೆಂದು ಅದರ ಮೊದಲರ್ಧ ಹೇಳುತ್ತದೆ. ಆಯುಧ ಇಟ್ಟುಕೊಳ್ಳುವ, ಧರಿಸುವ ಜನರ ಹಕ್ಕಿಗೆ ಭಂಗ ಬರಕೂಡದೆಂದು ಉಳಿದರ್ಧ. ಕೋವಿಯ ವ್ಯಾಪಾರಿಗಳಿಗೆ ಉಳಿದರ್ಧ ಮಾತ್ರ ಕಂಠಪಾಠ. ಇಂಗ್ಲೆಂಡಿನ ಅರಸನ ಸಂಬಳದ ಸೈನ್ಯದ ಕಾಟ ಉಂಡಿದ್ದ ಜನ ಕಾಯಂ ಸೈನ್ಯವನ್ನು ನಂಬುತ್ತಿರಲಿಲ್ಲ. ಊರೂರಿನ ಗೃಹಸ್ಥರ ಪಡೆಯನ್ನು ಕೇಂದ್ರ ಸರ್ಕಾರ ನಿರಾಯುಧಗೊಳಿಸದಿರಲಿ ಎಂಬುದು ಅವರ ಇರಾದೆಯಾಗಿತ್ತು. ಆ ಭಯ ನ್ಯಾಯವಾದದ್ದೇ. ಆದರೆ ಆ ಪಡೆ ಯಾರ ಮೇಲೆ ನಡೆಯಿತು?

1786ರಲ್ಲಿ ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರು ಕೋವಿ ಹಿಡಿದು, ತಮ್ಮ ಆಸ್ತಿ ಜಪ್ತಿ ಮಾಡುತ್ತಿದ್ದ ಕೋರ್ಟುಗಳನ್ನು ಮುಚ್ಚಿಸಿದರು. ಅವರ ಮುಂದಾಳುಗಳಲ್ಲಿ ಒಬ್ಬನಾದ ಡೇನಿಯಲ್ ಶೇಸ್, ದೇಶದ ಸ್ವಾತಂತ್ರ್ಯಕ್ಕಾಗಿಯೇ ಹೋರಾಡಿ ಬಂದ ಯೋಧ. ಅವರನ್ನು ಬಗ್ಗುಬಡಿಯಲು ಬಾಸ್ಟನ್ನಿನ ವರ್ತಕರು ಹಣ ಕೂಡಿಸಿ ಪಡೆ ಕಟ್ಟಿಸಿದರು. 1787ರಲ್ಲಿ ಬರೆದ ಸಂವಿಧಾನ, ದಂಗೆ ಅಡಗಿಸಲು ನಾಗರಿಕ ಪಡೆಯನ್ನು ಕರೆಸುವ ಅಧಿಕಾರವನ್ನು ಅಲ್ಲಿನ ಸಂಸತ್ತಿಗೆ ಕೊಟ್ಟಿತು. ತಿದ್ದುಪಡಿ ಬಂದು ಮೂರು ವರ್ಷ ತುಂಬುವ ಮೊದಲೇ, 1794ರಲ್ಲಿ, ವಿಸ್ಕಿಯ ತೆರಿಗೆಗೆ ತಿರುಗಿಬಿದ್ದ ಪೆನ್ಸಿಲ್ವೇನಿಯದ ರೈತರ ಮೇಲೆ ಅಧ್ಯಕ್ಷ ವಾಷಿಂಗ್ಟನ್ನರು ಸುಮಾರು 13,000 ಜನರ ಪಡೆಯನ್ನು ಹೊರಡಿಸಿದರು. ದಬ್ಬಾಳಿಕೆಯ ವಿರುದ್ಧ ಜನರ ಕೋವಿ ಎಂಬ ಮಾತಿನ ಬೆಲೆ ಅಂದೇ ಗೊತ್ತಾಯಿತು.

ಕರಿಯ ಜನರ ಪಾಡೇನು? ಅವರನ್ನು ಪೌರರೆಂದು ಒಪ್ಪಿದರೆ ಆಯುಧ ಧರಿಸುವ ಹಕ್ಕನ್ನೂ ಒಪ್ಪಬೇಕಾದೀತೆಂದು 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಮುಖ್ಯ ನ್ಯಾಯಾಧೀಶ ಟೇನಿ ಅಂಜಿದರು. ಗುಲಾಮಗಿರಿ ಹೋದ ಮೇಲೆ, 1873ರಲ್ಲಿ, ಲೂಯಿಸಿಯಾನದ ಕೋಲ್‌ಫ್ಯಾಕ್ಸ್‌ನಲ್ಲಿ ಬಿಳಿಯರ ಸಶಸ್ತ್ರ ಗುಂಪು ಹತ್ತಾರು ಕರಿಯರನ್ನು ಕೊಂದಿತು. 1876ರಲ್ಲಿ ಸುಪ್ರೀಂ ಕೋರ್ಟು, ಈ ತಿದ್ದುಪಡಿ ಕಟ್ಟುವುದು ಕೇಂದ್ರ ಸರ್ಕಾರವನ್ನು ಮಾತ್ರ ಎಂದಿತು; ಶಿಕ್ಷೆಗೊಳಗಾದವರು ಬಿಡುಗಡೆಯಾದರು. 1967ರಲ್ಲಿ ಬ್ಲ್ಯಾಕ್ ಪ್ಯಾಂಥರರು ಕೋವಿ ಹಿಡಿದು ಕ್ಯಾಲಿಫೋರ್ನಿಯದ ಶಾಸನಸಭೆಯ ಮೆಟ್ಟಿಲು ಹತ್ತಿದಾಗ, ಗುಂಡು ತುಂಬಿದ ಕೋವಿ ಹಿಡಿದು ಬೀದಿಯಲ್ಲಿ ತಿರುಗುವುದನ್ನು ನಿಷೇಧಿಸುವ ಕಾಯಿದೆಗೆ ಗವರ್ನರ್ ರೇಗನ್ ಆ ವರ್ಷವೇ ಸಹಿ ಹಾಕಿದರು. ಅಲ್ಲಿಯವರೆಗೆ ಪವಿತ್ರವಾಗಿದ್ದ ಹಕ್ಕು ಕರಿಯನ ಕೈ ಸೇರಿದೊಡನೆ ಅಪಾಯಕಾರಿಯಾಯಿತು!

ಕಾರ್ಮಿಕರ ಕಥೆಯೂ ಬೇರೆಯಲ್ಲ. 1914ರಲ್ಲಿ ಕೊಲರಾಡೋದ ಲಡ್ಲೋದಲ್ಲಿ ಮುಷ್ಕರ ಹೂಡಿದ ಗಣಿ ಕಾರ್ಮಿಕರ ಡೇರೆಗಳಿಗೆ ಬೆಂಕಿ ಹಚ್ಚಿ, 11 ಮಕ್ಕಳ ಸಾವಿಗೆ ಕಾರಣವಾದದ್ದು ಅದೇ ನಾಗರಿಕ ಪಡೆಯ ವಾರಸುದಾರನಾದ ನ್ಯಾಷನಲ್ ಗಾರ್ಡ್. 1921ರಲ್ಲಿ ಪಶ್ಚಿಮ ವರ್ಜೀನಿಯದ ಬ್ಲೇರ್ ಬೆಟ್ಟದಲ್ಲಿ ಸಾವಿರಾರು ಗಣಿ ಕಾರ್ಮಿಕರು ತಾವೇ ಕೋವಿ ಹಿಡಿದರು. ಕೇಂದ್ರದ ಸೈನ್ಯ ಬಂದಿಳಿಯಿತು. ಕಾರ್ಮಿಕರ ಮೇಲೆ ರಾಜದ್ರೋಹದ ಮೊಕದ್ದಮೆಗಳು ಬಿದ್ದವು. ಎರಡನೆಯ ತಿದ್ದುಪಡಿ ಅವರ ನೆರವಿಗೆ ಬರಲಿಲ್ಲ.

2008ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರಲ್ಲಿ ಐವರು, ಇದು ಪಡೆಗೆ ಸಂಬಂಧವಿಲ್ಲದ ವ್ಯಕ್ತಿಯ ಹಕ್ಕೆಂದು ತೀರ್ಪಿತ್ತರು. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 2022ರಲ್ಲಿ ಟೆಕ್ಸಾಸಿನ ಉವಾಲ್ಡೆಯಲ್ಲಿ 19 ಮಕ್ಕಳು ಗುಂಡಿಗೆ ಬಲಿಯಾದರು. ಸರ್ವಾಧಿಕಾರಿಗೆಂದು ಮೀಸಲಿಟ್ಟ ಗುಂಡು ತಗಲಿದ್ದು ಶಾಲೆಯ ಮಕ್ಕಳಿಗೆ.

ಇನ್ನು ನಮ್ಮ ದೇಶದ ಮಾತು. 1878ರ ಆಯುಧ ಕಾಯಿದೆ ಭಾರತೀಯನಿಗೆ ಲೈಸೆನ್ಸಿನ ಕಟ್ಟು ಹಾಕಿ ಯುರೋಪಿಯನ್ನನಿಗೆ ವಿನಾಯಿತಿ ಕೊಟ್ಟಿತ್ತು. ಆ ಅವಮಾನಕ್ಕೆ ಉತ್ತರವಾಗಿಯೇ 1931ರ ಕರಾಚಿ ಕಾಂಗ್ರೆಸ್ ಆಯುಧದ ಹಕ್ಕನ್ನು ತನ್ನ ನಿರ್ಣಯದಲ್ಲಿ ಸೇರಿಸಿತು. 1948ರಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ನೆನಪಿಸಿ ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು, ಮುಂದೆ ಪ್ರಜಾ ಸೋಷಲಿಸ್ಟ್ ಪಕ್ಷದ ಸಂಸದರು. ಅಂಬೇಡ್ಕರರು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಕಾಮತರ ದೇಶಾಭಿಮಾನದಲ್ಲಿ ನಮಗೆ ಸಂದೇಹವಿಲ್ಲ. ಆದರೂ ಸಭೆ ಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಹಕ್ಕು ಎಲ್ಲರದಾದರೂ ಕೋವಿ ಅಂಗಡಿಯ ಸರಕು. ಊರಿನ ಧಣಿ ಹತ್ತು ಕೊಂಡಾನು. ದಿನಗೂಲಿಯವನು ಕೊಳ್ಳುವುದು ಸೇರು ಅಕ್ಕಿಯನ್ನೇ.

ನಮ್ಮ ಸಂವಿಧಾನದ 19ನೆಯ ವಿಧಿ ನಮಗೆ ಕೊಟ್ಟಿರುವುದು ಶಾಂತಿಯಿಂದ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು. ಬಡವನು ಕಾಸು ಕೊಟ್ಟು ಕೊಳ್ಳಬೇಕಾಗಿಲ್ಲದ ಆಯುಧ ಇದೊಂದೇ. ಆಳುವವರು ನಿಜಕ್ಕೂ ಅಂಜುವುದು ಇದಕ್ಕೇ. ಬ್ರಿಟಿಷರ ಕಾಲದ 144ನೆಯ ಸೆಕ್ಷನ್ 2024ರಿಂದ ಹೊಸ ಸಂಹಿತೆಯಲ್ಲಿ 163 ಎಂಬ ಸಂಖ್ಯೆ ಹೊತ್ತಿದೆ. ಬರಿಗೈಯ ಜನರನ್ನು ಚದುರಿಸುವ ಅದರ ಕೆಲಸ ಬದಲಾಗಿಲ್ಲ. ಕೋವಿಯ ಹಕ್ಕಿಗಾಗಿ ಕೂಗುವ ಮಹನೀಯರೇ, ಮೊದಲು ಈ ಬರಿಗೈಯ ಹಕ್ಕನ್ನು ಉಳಿಸಲು ನಮ್ಮೊಡನೆ ಬನ್ನಿ. ಅದಕ್ಕೆ ಲೈಸೆನ್ಸು ಬೇಕಾಗಿಲ್ಲ.